ತಳಕಲ್ ಸುತ್ತಮುತ್ತ ಕೂಲಿ ದರ ನಿಗದಿಯಾಗುವ ಬಗೆ

ಕೊಪ್ಪಳ ಜಿಲ್ಲೆಯ ಒಣಬೇಸಾಯದ ಹಳ್ಳಿಗಳಲ್ಲಿ ಎರಡು ದೂರುಗಳು ಒಟ್ಟಿಗೇ ಕೇಳಿಬರುತ್ತವೆ. ಆಳುಗಳೇ ಸಿಗುತ್ತಿಲ್ಲ ಎಂಬುದು ಕೆಲಸ ಕೊಡುವವರ ದೂರು. ಹೊಟ್ಟೆ ತುಂಬುವಷ್ಟು ಕೂಲಿ ಸಿಗುತ್ತಿಲ್ಲ ಎಂಬುದು ಕೆಲಸ ಮಾಡುವವರ ದೂರು. ಆಳುಗಳ ಕೊರತೆ ನಿಜವಾದರೆ ಕೂಲಿ ತಾನಾಗಿಯೇ ಏರಬೇಕು, ಏರದಿದ್ದರೆ ಕೊರತೆಯೇ ಸುಳ್ಳು ಎಂದು ಮೇಲುನೋಟಕ್ಕೆ ಅನಿಸುತ್ತದೆ. ಆದರೆ ಎರಡೂ ದೂರುಗಳು ಏಕಕಾಲಕ್ಕೆ ನಿಜವಾಗಿರಲು ಸಾಧ್ಯ. ಅದು ಹೇಗೆ ಎಂಬುದನ್ನು ಅಪೂರ್ಣ ಪೈಪೋಟಿಯ ಕಾರ್ಮಿಕ ಮಾರುಕಟ್ಟೆಯ ಸಿದ್ಧಾಂತ ವಿವರಿಸುತ್ತದೆ.

ಕೊಪ್ಪಳ–ಗದಗ ಮಾರ್ಗದ ತಳಕಲ್ ಈ ವಿಷಯವನ್ನು ಅರಿಯಲು ತಕ್ಕ ಗ್ರಾಮ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು, ಈಗ ಕುಕನೂರು ತಾಲ್ಲೂಕಿನಲ್ಲಿದೆ. ಸುತ್ತಲೂ ಮಳೆಯನ್ನೇ ನಂಬಿದ ಹೊಲಗಳಿವೆ. ಪಕ್ಕದ ಭಾನಾಪುರದಲ್ಲಿ ಆಟಿಕೆ ತಯಾರಿಕಾ ಕ್ಲಸ್ಟರ್ ತಲೆ ಎತ್ತಿದೆ. ಕೊಪ್ಪಳದಾಚೆ ಗಿಣಿಗೇರಾ, ಬೇವಿನಹಳ್ಳಿ ಭಾಗದಲ್ಲಿ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳಿವೆ. ಇನ್ನೂ ಮುಂದೆ ತುಂಗಭದ್ರಾ ಕಾಲುವೆಯ ನೀರುಂಡ ಗಂಗಾವತಿಯ ಭತ್ತದ ಗದ್ದೆಗಳಿವೆ. ಹಳೆಯ ಹುಬ್ಬಳ್ಳಿ–ಗುಂತಕಲ್ ರೈಲುಮಾರ್ಗದಿಂದ ಕುಷ್ಟಗಿಯತ್ತ ಹೊಸ ಹಳಿ ಕವಲೊಡೆಯುವುದೂ ತಳಕಲ್ ಬಳಿಯೇ. ಒಂದೇ ಮನೆಯ ಇಬ್ಬರಿಗೆ ಒಂದೇ ದಿನ ಬೇರೆ ಬೇರೆ ಕೂಲಿ ಏಕೆ ಸಿಗುತ್ತದೆ ಎಂಬ ಪ್ರಶ್ನೆಗೆ ಬೇಕಾದ ಸಾಮಗ್ರಿಯೆಲ್ಲ ಇಲ್ಲಿದೆ.

ಪರಿಪೂರ್ಣ ಪೈಪೋಟಿ ಎಂಬ ಕಲ್ಪನೆ

ಪದವಿಪೂರ್ವ ತರಗತಿಯ ಅರ್ಥಶಾಸ್ತ್ರ ಪಠ್ಯದಲ್ಲಿ ಕೂಲಿಯನ್ನು ಬೇಡಿಕೆ ಮತ್ತು ಪೂರೈಕೆ ನಿರ್ಧರಿಸುತ್ತವೆ. ಅಸಂಖ್ಯ ಮಾಲೀಕರಿದ್ದಾರೆ, ಅಸಂಖ್ಯ ಕಾರ್ಮಿಕರಿದ್ದಾರೆ, ಎಲ್ಲರಿಗೂ ಎಲ್ಲ ದರ ಗೊತ್ತಿದೆ, ಕೆಲಸ ಬದಲಿಸಲು ಖರ್ಚಿಲ್ಲ ಎಂಬುದು ಅದರ ಆಧಾರ. ಅಂಥ ಮಾರುಕಟ್ಟೆಯಲ್ಲಿ ಮಾಲೀಕನೊಬ್ಬ ಒಂದು ರೂಪಾಯಿ ಕಡಿಮೆ ಕೊಟ್ಟರೂ ಆಳುಗಳೆಲ್ಲ ಮರುದಿನ ಪಕ್ಕದವನಲ್ಲಿಗೆ ಹೋಗುತ್ತಾರೆ. ಹೀಗಾಗಿ ಕಾರ್ಮಿಕನ ದುಡಿಮೆಯಿಂದ ಬರುವ ಹೆಚ್ಚುವರಿ ಉತ್ಪನ್ನದ ಮೌಲ್ಯಕ್ಕೆ ಕೂಲಿ ಸಮನಾಗುತ್ತದೆ.

ವಾಸ್ತವದಲ್ಲಿ ಒಂದು ರೂಪಾಯಿ ಕಡಿಮೆಯಾಯಿತೆಂದು ಯಾರೂ ಊರು ಬಿಡುವುದಿಲ್ಲ. ಬೇರೆ ಕೆಲಸ ಎಲ್ಲಿದೆ ಎಂದು ತಿಳಿಯಬೇಕು, ಅಲ್ಲಿಗೆ ಹೋಗಲು ಬಸ್ಸು ಬೇಕು, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಬೇಕು, ಪಡೆದ ಮುಂಗಡ ತೀರಿರಬೇಕು. ಈ ಅಡೆತಡೆಗಳು ಹೆಚ್ಚಿದಷ್ಟೂ ಮಾಲೀಕನ ಕೈ ಮೇಲಾಗುತ್ತದೆ.

ಕೂಲಿ ಏರದಂತೆ ನೋಡಿಕೊಳ್ಳುವ ಮೌನ ಒಪ್ಪಂದ ಮಾಲೀಕರ ನಡುವೆ ಸದಾ ಇರುತ್ತದೆ ಎಂದು ಆಡಂ ಸ್ಮಿತ್ 1776ರಷ್ಟು ಹಿಂದೆಯೇ ಹೇಳಿದ್ದ. ಇದಕ್ಕೆ ಸಿದ್ಧಾಂತದ ರೂಪ ಕೊಟ್ಟವರು ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್. ಅಪೂರ್ಣ ಪೈಪೋಟಿಯ ಅರ್ಥಶಾಸ್ತ್ರವನ್ನು ಕುರಿತು 1933ರಲ್ಲಿ ಬಂದ ತಮ್ಮ ಗ್ರಂಥದಲ್ಲಿ ಅವರು ಮಾನಾಪ್ಸನಿ ಎಂಬ ಪದವನ್ನು ಬಳಕೆಗೆ ತಂದರು. ಮಾರುವವನೊಬ್ಬನೇ ಇದ್ದರೆ ಏಕಸ್ವಾಮ್ಯ, ಕೊಳ್ಳುವವನೊಬ್ಬನೇ ಇದ್ದರೆ ಮಾನಾಪ್ಸನಿ. ಕಾರ್ಮಿಕ ಮಾರುಕಟ್ಟೆಯಲ್ಲಿ ದುಡಿಮೆಯನ್ನು ಕೊಳ್ಳುವವನು ಮಾಲೀಕ. ಮಾಲೀಕರು ಹಲವರಿದ್ದರೂ ಹುಡುಕಾಟ, ದೂರ ಮತ್ತು ಮಾಹಿತಿಯ ಕೊರತೆಯಿಂದ ಪ್ರತಿಯೊಬ್ಬ ಮಾಲೀಕನಿಗೂ ಈ ಬಲ ಸ್ವಲ್ಪಮಟ್ಟಿಗೆ ದೊರೆಯುತ್ತದೆ ಎಂಬುದನ್ನು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಅಲನ್ ಮ್ಯಾನಿಂಗ್ 2003ರ ತಮ್ಮ ಕೃತಿಯಲ್ಲಿ ವಿವರವಾಗಿ ಪ್ರತಿಪಾದಿಸಿದರು.

ಲೆಕ್ಕದಲ್ಲಿ ನೋಡಿದರೆ

ಒಂದು ಕಾಲ್ಪನಿಕ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಮಾಲೀಕನೊಬ್ಬ ದಿನಕ್ಕೆ 300 ರೂಪಾಯಿ ಕೊಟ್ಟರೆ 10 ಮಂದಿ ಬರುತ್ತಾರೆ. ಹನ್ನೊಂದನೆಯವರು ಇನ್ನೂ ದೂರದ ಓಣಿಯವರು. ಅವರು ಬರಬೇಕಾದರೆ 320 ರೂಪಾಯಿ ಕೊಡಬೇಕು. ಒಂದೇ ಹೊಲದಲ್ಲಿ ಇಬ್ಬರಿಗೆ ಎರಡು ದರ ಕೊಡುವುದು ಕಷ್ಟ. ಆದ್ದರಿಂದ ಮೊದಲಿನ 10 ಮಂದಿಗೂ ತಲಾ 20 ರೂಪಾಯಿ ಏರಿಸಬೇಕು. ಅಲ್ಲಿಗೆ ಹನ್ನೊಂದನೆಯವರಿಂದ ಬೀಳುವ ಖರ್ಚು 320 ರೂಪಾಯಿ ಅಲ್ಲ. 320 ಮತ್ತು 200 ಸೇರಿ 520 ರೂಪಾಯಿ.

ಹನ್ನೊಂದನೆಯವರ ದುಡಿಮೆಯಿಂದ ಮಾಲೀಕನಿಗೆ ಬರುವುದು 450 ರೂಪಾಯಿ ಎಂದುಕೊಂಡರೆ ಅವರನ್ನು ಕರೆಯುವುದು ಅವನಿಗೆ ನಷ್ಟ. ಅವನು 10 ಮಂದಿಗೇ ನಿಲ್ಲುತ್ತಾನೆ. ಅದೇ 300 ರೂಪಾಯಿ ದರದಲ್ಲಿ ಇನ್ನೂ ಒಬ್ಬರು ಸಿಕ್ಕರೆ ಖಂಡಿತ ಬೇಕು ಎನ್ನುವುದರಿಂದ ಅವನ ಪಾಲಿಗೆ ಆಳಿನ ಕೊರತೆ ನಿಜ. 450 ರೂಪಾಯಿ ಮೌಲ್ಯದ ದುಡಿಮೆಯನ್ನು 320 ರೂಪಾಯಿಗೆ ಕೊಡಲು ಸಿದ್ಧರಿದ್ದರೂ ಕೆಲಸವಿಲ್ಲದೆ ಕೂರುವ ಹನ್ನೊಂದನೆಯವರ ದೂರೂ ನಿಜ.

ಈಗ ಸರ್ಕಾರ 340 ರೂಪಾಯಿ ಕನಿಷ್ಠ ದರ ನಿಗದಿ ಮಾಡಿ ಅದನ್ನು ಕಟ್ಟುನಿಟ್ಟಾಗಿ ಜಾರಿ ಮಾಡಿತು ಎಂದುಕೊಳ್ಳೋಣ. ಹತ್ತು ಮಂದಿಗೂ 340 ಕೊಡಲೇಬೇಕಾದ ಮೇಲೆ ಹನ್ನೊಂದನೆಯವರಿಂದ ಬೀಳುವ ಹೆಚ್ಚುವರಿ ಖರ್ಚು ಕೇವಲ 340 ರೂಪಾಯಿ. ಬರುವುದು 450. ಆದ್ದರಿಂದ ಅವರಿಗೂ ಕೆಲಸ ಸಿಗುತ್ತದೆ. ಕೂಲಿ ಏರಿದರೆ ಉದ್ಯೋಗ ಇಳಿಯಲೇಬೇಕು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಮಾಲೀಕನ ಲಾಭ ಕಡಿಮೆಯಾಗುತ್ತದೆ ಎಂಬುದೂ ಅಷ್ಟೇ ನಿಜ. ಹತ್ತು ಮಂದಿಗೆ ಹೆಚ್ಚು ಕೊಟ್ಟದ್ದು 400 ರೂಪಾಯಿ, ಹನ್ನೊಂದನೆಯವರಿಂದ ಉಳಿದದ್ದು 110 ರೂಪಾಯಿ. ಹೀಗಾಗಿ ಅವನು ತಾನಾಗಿ ಈ ದರಕ್ಕೆ ಬರುವುದಿಲ್ಲ.

ಇದಕ್ಕೆ ಮಿತಿಯೂ ಉಂಟು. ದರವನ್ನು 450 ರೂಪಾಯಿಗಿಂತ ಮೇಲೇರಿಸಿದರೆ ಹನ್ನೊಂದನೆಯವರಿಗೆ ಮತ್ತೆ ಕೆಲಸವಿಲ್ಲ. ಇನ್ನೂ ಏರಿಸುತ್ತಾ ಹೋದರೆ ಮೊದಲಿನ ಹತ್ತು ಮಂದಿಯಲ್ಲೂ ಕೆಲವರು ಕೆಲಸ ಕಳೆದುಕೊಳ್ಳುತ್ತಾರೆ.

ಲೆಕ್ಕಕ್ಕೆ ಹೊರಗಿನ ಸಾಕ್ಷ್ಯವೂ ಇದೆ. ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರ ಏಪ್ರಿಲ್ 1ರಂದು ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರ್‌ನಿಂದ 5.05 ಡಾಲರ್‌ಗೆ ಏರಿಸಿತು. ನೆರೆಯ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಗಡಿಯ ಎರಡೂ ಬದಿಯ ತ್ವರಿತ ಆಹಾರದ ಮಳಿಗೆಗಳನ್ನು ಹೋಲಿಸಿದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್, ಏರಿಕೆಯಿಂದ ಉದ್ಯೋಗ ಕುಸಿಯಲಿಲ್ಲ ಎಂದು 1994ರಲ್ಲಿ ಪ್ರಕಟಿಸಿದರು. ಇದನ್ನು ಪ್ರಶ್ನಿಸಿದ ಅಧ್ಯಯನಗಳೂ ಬಂದವು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಪುರಸ್ಕಾರ ಸಂದಿತು.

ಮಾಲೀಕನೂ ಒತ್ತಡದಲ್ಲಿ

ಎಲ್ಲ ಮಾಲೀಕರೂ ಒಂದೇ ಬಗೆಯವರಲ್ಲ. ನಾಲ್ಕೈದು ಎಕರೆಯ ಒಣಬೇಸಾಯದ ರೈತ ಕಳೆ ತೆಗೆಯುವ ಕೆಲವು ದಿನ ಮಾಲೀಕ, ಉಳಿದ ದಿನ ಸ್ವತಃ ಕೂಲಿಕಾರ. ತನ್ನ ಬೆಳೆ ಮಾರುವಾಗ ಅವನೂ ಕೆಲವೇ ಖರೀದಿದಾರರ ಎದುರು ನಿಲ್ಲುತ್ತಾನೆ.

ಹೈಬ್ರಿಡ್ ಬೀಜೋತ್ಪಾದನೆ ಇದಕ್ಕೆ ಸೂಕ್ತ ನಿದರ್ಶನ. ಕೊಪ್ಪಳ ಮತ್ತು ಕುಷ್ಟಗಿ ಭಾಗದಲ್ಲಿ ತರಕಾರಿ ಹಾಗೂ ಹತ್ತಿಯ ಬೀಜವನ್ನು ಕಂಪನಿಗಳಿಗಾಗಿ ಬೆಳೆಯುವ ರೂಢಿಯಿದೆ. ಹೂವಿನ ಗಂಡುಭಾಗವನ್ನು ಕಿತ್ತು ಪರಾಗವನ್ನು ಕೈಯಿಂದಲೇ ಸೋಕಿಸುವ ಈ ಕೆಲಸಕ್ಕೆ ಯಂತ್ರವಿಲ್ಲ. ಹೂವು ಅರಳುವ ವಾರಗಳಲ್ಲಿ ಪ್ರತಿದಿನವೂ ಜನ ಬೇಕು. ಬೀಜದ ಖರೀದಿ ದರವನ್ನು ಕಂಪನಿ ಮೊದಲೇ ಗೊತ್ತುಮಾಡುತ್ತದೆ. ಗೊಬ್ಬರ, ಔಷಧದ ಬೆಲೆಯನ್ನು ರೈತ ಇಳಿಸಲಾರ. ಅವನ ಕೈಯಲ್ಲಿ ಇಳಿಸಬಹುದಾದ ಖರ್ಚು ಕೂಲಿ ಒಂದೇ. ಹತ್ತಿ ಬೀಜದ ಹೊಲಗಳಲ್ಲಿ ಹದಿಹರೆಯದ ಹೆಣ್ಣುಮಕ್ಕಳ ದುಡಿಮೆ ದಕ್ಷಿಣ ಭಾರತದಲ್ಲಿ ವ್ಯಾಪಕವಾಗಿ ದಾಖಲಾಗಲು ಈ ಸರಪಳಿಯೂ ಒಂದು ಕಾರಣ. ಕೊಳ್ಳುವವನ ಬಲ ಇಲ್ಲಿ ಎರಡು ಹಂತಗಳಲ್ಲಿ ಕೆಲಸ ಮಾಡುತ್ತದೆ. ಮೇಲಿನ ಹಂತವನ್ನು ಮುಟ್ಟದೆ ರೈತನ ಮೇಲೆ ಮಾತ್ರ ಕಾನೂನು ಪ್ರಯೋಗಿಸಿದರೆ ಫಲ ಅರ್ಧಕ್ಕೇ ನಿಲ್ಲುತ್ತದೆ.

ಮುಂಗಡ, ಮೇಸ್ತ್ರಿ ಮತ್ತು ಗುಳೆ

ಮುಂಗಾರು ಕೈಕೊಟ್ಟಾಗ ಯಲಬುರ್ಗಾ, ಕುಷ್ಟಗಿ, ಕುಕನೂರು ಭಾಗದ ಕುಟುಂಬಗಳು ಗುಳೆ ಹೋಗುತ್ತವೆ. ಬೆಂಗಳೂರು, ಮಂಗಳೂರು, ಗೋವಾದ ಕಟ್ಟಡ ಕಾಮಗಾರಿಗಳು ಅವರ ಗುರಿ. ಗುಳೆಯನ್ನು ಸಂಕಟದ ಗುರುತಾಗಿ ಕಾಣುವುದು ರೂಢಿ. ಅದು ಸರಿಯೂ ಹೌದು. ಆದರೆ ಊರಿನಲ್ಲಿ ಉಳಿದವರ ಕೂಲಿಯ ಮೇಲೂ ಅದರ ಪರಿಣಾಮವಿದೆ. ಬೆಂಗಳೂರಿಗೆ ಹೋಗಬಲ್ಲವನಿಗೆ ಊರಿನ ಮಾಲೀಕ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತದೆ. ಹೋಗಲಾರದವರಿಗೆ, ಅಂದರೆ ವಯಸ್ಸಾದವರಿಗೆ, ಚಿಕ್ಕ ಮಕ್ಕಳ ತಾಯಂದಿರಿಗೆ ಆ ಬಲವಿಲ್ಲ.

ಗುಳೆ ಹೋದವರಿಗೂ ಆಯ್ಕೆ ಪೂರ್ಣವಾಗಿ ಮುಕ್ತವಲ್ಲ. ಕೆಲಸ ಎಲ್ಲಿದೆ, ದರ ಎಷ್ಟು ಎಂಬ ಮಾಹಿತಿ ಮೇಸ್ತ್ರಿಯ ಬಳಿ ಇರುತ್ತದೆ. ಹಬ್ಬಕ್ಕೋ ಮದುವೆಗೋ ಪಡೆದ ಮುಂಗಡ ತೀರುವವರೆಗೆ ಬೇರೆಡೆ ಹೆಚ್ಚು ಕೂಲಿ ಸಿಕ್ಕರೂ ಹೋಗುವಂತಿಲ್ಲ. ಮುಂಗಡಕ್ಕೆ ಬಡ್ಡಿ ಇಲ್ಲದಂತೆ ಕಂಡರೂ ಇಳಿದ ಕೂಲಿ ದರವೇ ಅದರ ಬಡ್ಡಿ. ಸಾಲಕ್ಕಾಗಿ ದುಡಿಮೆಯನ್ನು ಅಡವಿಡುವುದು 1976ರ ಜೀತ ಕಾರ್ಮಿಕ ಪದ್ಧತಿ ನಿರ್ಮೂಲನ ಕಾಯ್ದೆಯಡಿ ಅಪರಾಧ. ಕಾನೂನಿನ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಗೆ ಸಮ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣದಲ್ಲಿ ತೀರ್ಪು ನೀಡಿದೆ. ಹಸಿವು ಮತ್ತು ಬಡತನ ಬೇರೆ ದಾರಿ ಉಳಿಸದಿದ್ದಾಗ ಒಪ್ಪಿಗೆಯನ್ನು ಸ್ವತಂತ್ರ ಒಪ್ಪಿಗೆ ಎನ್ನಲಾಗದು ಎಂಬುದು ಆ ತೀರ್ಪಿನ ಸಾರ.

ಮಹಿಳೆಯರಿಗೆ ಕಡಿಮೆ ಏಕೆ?

ಗಂಡಾಳು, ಹೆಣ್ಣಾಳು ಎಂಬ ಎರಡು ದರಗಳು ಇಂದಿಗೂ ಹಳ್ಳಿಗಳಲ್ಲಿ ಬಳಕೆಯಲ್ಲಿವೆ. ಗಂಡಸರದು ಭಾರದ ಕೆಲಸ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಇಬ್ಬರ ದಕ್ಷತೆ ಸಮನಾಗಿದ್ದರೂ ವ್ಯತ್ಯಾಸ ಉಳಿಯಬಲ್ಲದು ಎಂದು ರಾಬಿನ್ಸನ್ 1933ರಲ್ಲಿಯೇ ತೋರಿಸಿದ್ದರು. ದರ ಇಳಿದರೆ ಗಂಡಸರು ಬೇರೆಡೆ ಹೋಗುತ್ತಾರೆ, ಹೆಂಗಸರು ಹೋಗಲಾರರು ಎಂದು ಗೊತ್ತಿರುವ ಮಾಲೀಕ ಹೆಂಗಸರ ದರವನ್ನೇ ಇಳಿಸುತ್ತಾನೆ. ಬೆಳಿಗ್ಗೆ ನೀರು ತುಂಬಿ, ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸಿ, ಸಂಜೆ ಕತ್ತಲಾಗುವ ಮುನ್ನ ಮನೆ ಸೇರಬೇಕಾದವಳ ಮಾರುಕಟ್ಟೆ ನಡೆದು ಹೋಗುವಷ್ಟು ದೂರಕ್ಕೇ ಮುಗಿಯುತ್ತದೆ.

ಈ ದೃಷ್ಟಿಯಿಂದ, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕಲ್ಪಿಸಿದ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯನ್ನು ಕೂಲಿ ದರದ ಪ್ರಶ್ನೆಯಾಗಿಯೂ ನೋಡಬಹುದು. ದಿನಕ್ಕೆ 60 ರೂಪಾಯಿ ಬಸ್ ಖರ್ಚು ಉಳಿದರೆ ದೂರದ ಕೆಲಸದ ಕೂಲಿ 60 ರೂಪಾಯಿ ಏರಿದಂತೆ. ದೂರದ ಕೆಲಸ ಕೈಗೆಟುಕಿದರೆ ಹತ್ತಿರದ ಮಾಲೀಕನೂ ದರವನ್ನು ಪುನಃ ಯೋಚಿಸಬೇಕಾಗುತ್ತದೆ. ಆದರೆ ಬಸ್ಸು ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಉಚಿತ ಟಿಕೆಟ್ಟಿನಿಂದ ಕೂಲಿ ಏರದು.

ಖಾತರಿ ಕೆಲಸದ ಪಾತ್ರ

ಗ್ರಾಮೀಣ ಉದ್ಯೋಗ ಖಾತರಿಗಾಗಿ 2005ರಲ್ಲಿ ರೂಪುಗೊಂಡ ಕಾಯ್ದೆ ಗ್ರಾಮೀಣ ಕುಟುಂಬಕ್ಕೆ ವರ್ಷದಲ್ಲಿ 100 ದಿನಗಳ ಕೆಲಸದ ಹಕ್ಕು ನೀಡಿತು. 2008ರ ಏಪ್ರಿಲ್ ವೇಳೆಗೆ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೂ ವಿಸ್ತರಿಸಿತು. ಹೆಣ್ಣು ಗಂಡಿಗೆ ಒಂದೇ ಕೂಲಿ. ಕೆಲಸ 5 ಕಿಲೋಮೀಟರ್ ಒಳಗಿರಬೇಕು, ಮೀರಿದರೆ ಶೇ 10ರಷ್ಟು ಹೆಚ್ಚುವರಿ ಕೂಲಿ. ಕರ್ನಾಟಕದಲ್ಲಿ ಇದರ ದಿನಗೂಲಿ 2024–25ರಲ್ಲಿ 349 ರೂಪಾಯಿ, 2025–26ರಲ್ಲಿ 370 ರೂಪಾಯಿ ಇತ್ತು.

ಕೆರೆಯ ಹೂಳು, ಕೃಷಿ ಹೊಂಡ, ಬದು ಇವೆಲ್ಲ ಇದರ ಕಣ್ಣಿಗೆ ಕಾಣುವ ಫಲಗಳು. ಕಾಣದ ಫಲವೆಂದರೆ ಖಾಸಗಿ ಕೂಲಿಯ ಮೇಲಿನ ಪ್ರಭಾವ. ಹೊಲದ ಕೂಲಿ ಕಡಿಮೆಯಾದರೆ ಪಂಚಾಯಿತಿಗೆ ಅರ್ಜಿ ಕೊಡುತ್ತೇವೆ ಎನ್ನಲು ಸಾಧ್ಯವಾಯಿತು. ಹಿಂದಿನ ಅವಿಭಜಿತ ಆಂಧ್ರಪ್ರದೇಶದಲ್ಲಿ ಕೂಲಿ ಪಾವತಿಗೆ ಸ್ಮಾರ್ಟ್ ಕಾರ್ಡ್ ಜಾರಿಯಾಗಿ ಯೋಜನೆ ಸುಧಾರಿಸಿದ ಮಂಡಲಗಳನ್ನು ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್ ಮತ್ತು ಸಂದೀಪ್ ಸುಖ್ತಂಕರ್ ಅಧ್ಯಯನ ಮಾಡಿದ್ದಾರೆ. ಅಲ್ಲಿ ಖಾಸಗಿ ಕೂಲಿ ಏರಿತು, ಖಾಸಗಿ ಉದ್ಯೋಗವೂ ಏರಿತು. ಜಮೀನು ಕೆಲವರ ಕೈಯಲ್ಲೇ ಇದ್ದ ಕಡೆ ಉದ್ಯೋಗದ ಏರಿಕೆ ಹೆಚ್ಚಾಗಿತ್ತು. ಹನ್ನೊಂದನೆಯ ಆಳಿನ ಲೆಕ್ಕಕ್ಕೆ ಇದು ಭಾರತದ ಹಳ್ಳಿಗಳಿಂದ ಬಂದ ಬೆಂಬಲ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಬದಲಿಗೆ ವಿಬಿ–ಜಿ ರಾಮ್ ಜಿ ಎಂದು ಕರೆಯಲಾಗುವ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಕೆಲಸದ ದಿನಗಳನ್ನು ಅದು 125ಕ್ಕೆ ಏರಿಸುತ್ತದೆ. ಜತೆಗೆ ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ 60 ದಿನಗಳವರೆಗೆ ಕಾಮಗಾರಿ ನಿಲ್ಲಿಸಲು ಅವಕಾಶ ನೀಡುತ್ತದೆ. ಆಳು ಸಿಗದ ರೈತನಿಗೆ ಇದು ಅನುಕೂಲ. ಆದರೆ ಕೂಲಿಕಾರನಿಗೆ ಚೌಕಾಶಿಯ ಬಲ ಇರುವುದೂ ಅದೇ ದಿನಗಳಲ್ಲಿ. ಹೆಚ್ಚುವರಿ 25 ದಿನಗಳ ಲಾಭ ಮತ್ತು 60 ದಿನಗಳ ವಿರಾಮದ ಪರಿಣಾಮ ಎರಡನ್ನೂ ಒಟ್ಟಿಗೆ ತೂಗಿ ನೋಡಬೇಕಾಗುತ್ತದೆ.

ಕನಿಷ್ಠ ವೇತನ: ಕಾನೂನು ಏನು ಹೇಳುತ್ತದೆ

1948ರ ಕನಿಷ್ಠ ವೇತನ ಕಾಯ್ದೆ ಪಟ್ಟಿಯಲ್ಲಿ ಹೆಸರಿಸಿದ ಉದ್ಯೋಗಗಳಿಗಷ್ಟೇ ಅನ್ವಯಿಸುತ್ತಿತ್ತು. ಅದರ ಸ್ಥಾನದಲ್ಲಿ ಬಂದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಇದರ ಮುಖ್ಯ ಅಂಶಗಳು ಹೀಗಿವೆ:

• ಕನಿಷ್ಠ ವೇತನ ಎಲ್ಲ ಉದ್ಯೋಗಗಳ ನೌಕರರಿಗೂ ಅನ್ವಯ.
• ಕೇಂದ್ರ ಸರ್ಕಾರ ತಳಮಟ್ಟದ ವೇತನ ನಿಗದಿ ಮಾಡುತ್ತದೆ. ರಾಜ್ಯದ ದರ ಅದಕ್ಕಿಂತ ಕಡಿಮೆ ಇರುವಂತಿಲ್ಲ.
• ಒಂದೇ ಬಗೆಯ ಕೆಲಸಕ್ಕೆ ಲಿಂಗದ ಆಧಾರದಲ್ಲಿ ವೇತನ ತಾರತಮ್ಯ ಮಾಡುವಂತಿಲ್ಲ.
• ದಿನಗೂಲಿಯನ್ನು ಪಾಳಿ ಮುಗಿದಾಗ, ವಾರದ ಕೂಲಿಯನ್ನು ವಾರದ ಕೊನೆಯ ಕೆಲಸದ ದಿನ, ಮಾಸಿಕ ವೇತನವನ್ನು ಮುಂದಿನ ತಿಂಗಳ 7ನೇ ದಿನದೊಳಗೆ ಕೊಡಬೇಕು.
• ಮುಂಗಡವೂ ಸೇರಿದಂತೆ ಒಟ್ಟು ಕಡಿತ ವೇತನದ ಅರ್ಧವನ್ನು ಮೀರುವಂತಿಲ್ಲ.
• ಹೆಚ್ಚುವರಿ ಅವಧಿಯ ಕೆಲಸಕ್ಕೆ ಸಾಮಾನ್ಯ ದರದ ಎರಡು ಪಟ್ಟು.
• ಬಾಕಿ ವೇತನಕ್ಕೆ ಮೂರು ವರ್ಷದೊಳಗೆ ಅರ್ಜಿ ಸಲ್ಲಿಸಬಹುದು.

ದರ ಎಷ್ಟಿರಬೇಕು ಎಂಬುದಕ್ಕೂ ಹಳೆಯ ಅಳತೆಗೋಲಿದೆ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ದುಡಿಯುವವನೂ ಸೇರಿ ಮೂರು ಬಳಕೆ ಘಟಕಗಳ ಕುಟುಂಬ, ತಲಾ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಉರುವಲು, ದೀಪದ ಖರ್ಚುಗಳನ್ನು ಲೆಕ್ಕಕ್ಕೆ ಹಿಡಿಯಿತು. ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಶಿಕ್ಷಣ, ಚಿಕಿತ್ಸೆ ಮೊದಲಾದವಕ್ಕೆ ಶೇ 25ರಷ್ಟನ್ನು ಸೇರಿಸಿತು. ಕಾರ್ಮಿಕನ ಉತ್ಪಾದಕತೆಗಿಂತ ಬದುಕಿನ ಅಗತ್ಯವೇ ಈ ಅಳತೆಯ ತಳಹದಿ.

ಕರ್ನಾಟಕ ಸರ್ಕಾರ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಕರಡು ಅಧಿಸೂಚನೆ ರಾಜ್ಯವನ್ನು ಮೂರು ವಲಯಗಳಾಗಿ ವಿಂಗಡಿಸಿತ್ತು. ಬೆಂಗಳೂರಿಗೆ ಮೇಲಿನ ದರ, ಹಳ್ಳಿಗಳಿಗೆ ಕೆಳಗಿನ ದರ. ಹಳ್ಳಿಯಲ್ಲಿ ಬಾಡಿಗೆ ಕಡಿಮೆ ಎಂಬುದು ಇದಕ್ಕೆ ಸಮರ್ಥನೆ. ಮಾಲೀಕರ ಬಲ ಹೆಚ್ಚಿರುವುದೂ ಆಯ್ಕೆ ಕಡಿಮೆ ಇರುವ ಇಂಥ ಕಡೆಗಳಲ್ಲಿಯೇ ಎಂಬುದನ್ನು ಈ ಸಮರ್ಥನೆ ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಗುಂಪಿನ ಚೌಕಾಶಿ

ಕೊಳ್ಳುವವನ ಬಲಕ್ಕೆ ಎದುರಾಗಿ ಮಾರುವವರು ಒಂದಾಗುವುದು ಮತ್ತೊಂದು ದಾರಿ. ಕಾರ್ಖಾನೆಗಳಲ್ಲಿ ಸಂಘಗಳು ಈ ಕೆಲಸ ಮಾಡುತ್ತವೆ. ಕೆಲಸವನ್ನು ಗುತ್ತಿಗೆದಾರರ ನಡುವೆ ಹಂಚಿದಾಗ, ಒಂದೇ ಯಂತ್ರದ ಮುಂದೆ ನಿಂತವರ ಮಾಲೀಕರೂ ಬೇರೆ ಬೇರೆಯಾಗಿ ಸಂಘದ ಬಲ ಕುಂದುತ್ತದೆ.

ಹೊಲಗದ್ದೆಗಳಲ್ಲಿ ಸಂಘವಿಲ್ಲದಿದ್ದರೂ ಗುಂಪುಗಳಿವೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನಾಟಿ ಮಾಡುವ ಹೆಂಗಸರು ಎಕರೆಗೆ ಇಷ್ಟು ಎಂದು ಗುಂಪಾಗಿ ಗುತ್ತಿಗೆ ಹಿಡಿಯುತ್ತಾರೆ. ಕಾಲುವೆಗೆ ನೀರು ಬಿಟ್ಟ ಮೇಲೆ ಸಸಿ ಕಾಯುವುದಿಲ್ಲ. ಆ ಕೆಲವು ವಾರ ಆತುರ ಮಾಲೀಕನದು, ಆಯ್ಕೆ ಕೂಲಿಕಾರರದು. ನೀರು ಬಾರದ ವರ್ಷ ಈ ಬಲವೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ರೈತರಷ್ಟೇ ಕೂಲಿಕಾರರೂ ಆತಂಕಗೊಳ್ಳಲು ಕಾರಣ ಇದೇ.

ಹೊಸ ಹಳಿ, ಹೊಸ ಕಾರ್ಖಾನೆ

ಭಾನಾಪುರದ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಲಾಯಿತು. ಬೆಳಗಾವಿ ಮೂಲದ ಏಕಸ್ ಸಂಸ್ಥೆ ಸುಮಾರು 400 ಎಕರೆಯಲ್ಲಿ ರೂಪಿಸಿದ ಯೋಜನೆಯಿದು. ಒಣಬೇಸಾಯದ ಸೀಮೆಯಲ್ಲಿ ವರ್ಷವಿಡೀ ಕೆಲಸ ಕೊಡುವ ಮಾಲೀಕರು ಬರುವುದು ಸ್ವಾಗತಾರ್ಹ. ಇದರಿಂದ ಹೊಲದ ಕೂಲಿ ಏರುವುದು ಸಹಜ. ಆದರೆ ಸುತ್ತಲ ಹಳ್ಳಿಗಳಿಗೆ ಕಾರ್ಖಾನೆ ಕೆಲಸವೆಂದರೆ ಒಂದೇ ಕ್ಲಸ್ಟರ್ ಎಂಬ ಸ್ಥಿತಿಯಿದ್ದರೆ, ಒಳಗಿನ ವೇತನ ಅಲ್ಲಿನ ಘಟಕಗಳು ಪರಸ್ಪರ ಎಷ್ಟು ಪೈಪೋಟಿ ನಡೆಸುತ್ತವೆ ಎಂಬುದನ್ನು ಅವಲಂಬಿಸುತ್ತದೆ. ಹೀಗಾಗಿ ಎಷ್ಟು ಉದ್ಯೋಗ ಎಂಬ ಪ್ರಶ್ನೆಯ ಜತೆಗೆ ಎಷ್ಟು ಮಂದಿ ಮಾಲೀಕರು ಎಂದೂ ಕೇಳಬೇಕು.

2025ರ ಮೇ 15ರಂದು ಕುಷ್ಟಗಿ–ಹುಬ್ಬಳ್ಳಿ ರೈಲಿಗೆ ಚಾಲನೆ ದೊರೆಯುವುದರೊಂದಿಗೆ ಗದಗ–ವಾಡಿ ಮಾರ್ಗದ ತಳಕಲ್–ಕುಷ್ಟಗಿ ಭಾಗ ಬಳಕೆಗೆ ಬಂತು. ಕುಕನೂರು, ಯಲಬುರ್ಗಾ, ಕುಷ್ಟಗಿಗಳಿಗೆ ಮೊದಲ ಬಾರಿ ರೈಲು ಬಂದದ್ದು ಆಗಲೇ. ಗದಗ, ಹುಬ್ಬಳ್ಳಿಯ ಮಾಲೀಕರು ಈ ಊರುಗಳಿಗೆ ಈಗ ಹತ್ತಿರವಾಗಿದ್ದಾರೆ. ಬೆಳಿಗ್ಗೆ ಹೋಗಿ ಸಂಜೆ ಮರಳುವ ವೇಳೆಗೆ ರೈಲು ಓಡಿದರೆ ಅದು ಕೂಲಿಯನ್ನೂ ಏರಿಸಬಲ್ಲದು. ವೇಳಾಪಟ್ಟಿ ಕೆಲಸದ ಹೊತ್ತಿಗೆ ಹೊಂದದಿದ್ದರೆ ಆ ಮಟ್ಟಿಗೆ ಪ್ರಯೋಜನ ಕಡಿಮೆ.

ಬಸ್ಸು, ರೈಲು, ಖಾತರಿ ಕೆಲಸ, ಕನಿಷ್ಠ ವೇತನ, ಗುಂಪಿನ ಚೌಕಾಶಿ ಇವು ಬೇರೆ ಬೇರೆ ಇಲಾಖೆಗಳ ವಿಷಯಗಳಾಗಿ ಕಂಡರೂ ಕೂಲಿಯ ಮೇಲೆ ಇವುಗಳ ಪರಿಣಾಮ ಒಂದೇ ದಿಕ್ಕಿನದು. ಈ ದರಕ್ಕೆ ಬರುವುದಿಲ್ಲ ಎಂದು ಹೇಳುವ ಶಕ್ತಿಯನ್ನು ಇವು ಕಾರ್ಮಿಕರಿಗೆ ಕೊಡುತ್ತವೆ. ತಳಕಲ್ ಸುತ್ತ ಆ ಶಕ್ತಿ ಇಂದು ಎಲ್ಲರಿಗೂ ಸಮನಾಗಿಲ್ಲ. ರೈಲು ಹತ್ತಬಲ್ಲ ಯುವಕನಿಗೆ ಹೆಚ್ಚು, ಮುಂಗಡ ತೀರದ ಕುಟುಂಬಕ್ಕೆ ಕಡಿಮೆ, ನಡೆದು ಹೋಗುವಷ್ಟು ದೂರದ ಹೊಲವನ್ನೇ ನಂಬಿದ ಮಹಿಳೆಗೆ ಎಲ್ಲರಿಗಿಂತ ಕಡಿಮೆ. ಒಂದೇ ಊರಿನ ಕೂಲಿ ದರಗಳ ನಡುವಿನ ಅಂತರಕ್ಕೆ ಇದೂ ಒಂದು ಮುಖ್ಯ ಕಾರಣ.